ಬೇಬಿ ಚೇರ್ ಇದೆಯಾ ಸರ್?

ಭಾನುವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಇಂದಿರಾನಗರದ ಯಾವುದಾದರೂ ಹೆಸರುವಾಸಿ ರೆಸ್ಟೊರೆಂಟಿಗೆ ಹೋಗಿ ನೋಡಿ. ಹುಡುಗರು ಇನ್ನೂ ಗ್ಲಾಸು ಒರೆಸುತ್ತಿರುತ್ತಾರೆ, ಏಸಿ ಈಗಷ್ಟೇ ಹಾಕಿರುತ್ತಾರೆ, ಸ್ಪೀಕರಿನಲ್ಲಿ ಹಾಡು ಶುರುವಾಗಿರುವುದಿಲ್ಲ. ಆ ಹೊತ್ತಿಗೆ ಒಳಗೆ ಬಂದು ಕೂತಿರುವವರೆಲ್ಲ ಒಂದೇ ಪಂಗಡ: ಎಳೆಮಕ್ಕಳ ಅಪ್ಪ ಅಮ್ಮಂದಿರು. ಮದುವೆಯಾಗದವರು, ಮಕ್ಕಳು ಕೈಗೆ ಬಂದವರು, ಹಿಂದಿನ ರಾತ್ರಿ ತಡವಾಗಿ ಮಲಗಿದವರು ಒಂದೂವರೆಗೆ ಮುಂಚೆ ಈ ಕಡೆ ತಲೆ ಹಾಕುವುದಿಲ್ಲ. ಅವರು ಬರುವಷ್ಟರಲ್ಲಿ ನಾವು ಬಿಲ್ಲು ಕೊಟ್ಟು ಎದ್ದಿರುತ್ತೇವೆ.

ಈ ವೇಳಾಪಟ್ಟಿಯನ್ನು ಯಾರೂ ಕೂತು ಮಾಡಿದ್ದಲ್ಲ. ಎರಡು ವರ್ಷದ ಮಗುವಿಗೆ ಹಸಿವು, ನಿದ್ದೆ ಎರಡೂ ಗಡಿಯಾರ ನೋಡಿಕೊಂಡೇ ಬರುತ್ತವೆ. ಹನ್ನೆರಡೂವರೆಗೆ ಹಸಿವು, ಎರಡಕ್ಕೆ ನಿದ್ದೆ. ನಡುವೆ ಮೇಜಿನ ಮುಂದೆ ಕೂರಿಸಲು ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯೊಳಗೆ ಮೆನು ನೋಡಬೇಕು, ಆರ್ಡರ್ ಕೊಡಬೇಕು, ಬಂದದ್ದನ್ನು ತಿನ್ನಬೇಕು, ತಿನ್ನಿಸಬೇಕು, ಒರೆಸಬೇಕು, ಹೊರಡಬೇಕು. ದುಬಾರಿ ರೆಸ್ಟೊರೆಂಟುಗಳ ವ್ಯವಹಾರ ನಿಂತಿರುವುದೇ ಇದಕ್ಕೆ ಉಲ್ಟಾ ಲೆಕ್ಕದ ಮೇಲೆ. ಅಲ್ಲಿ ನಾವು ದುಡ್ಡು ಕೊಡುವುದು ಊಟಕ್ಕಷ್ಟೇ ಅಲ್ಲ, ನಿಧಾನಕ್ಕೂ ಕೊಡುತ್ತೇವೆ. ಮಂದ ಬೆಳಕು, ಮೆತ್ತನೆಯ ಸೋಫಾ, ಒಂದಾದ ಮೇಲೊಂದು ಬರುವ ಪುಟ್ಟ ಪುಟ್ಟ ತಟ್ಟೆ, ಪ್ರತಿ ತಟ್ಟೆಗೂ ಒಂದು ವಿವರಣೆ. ಗಲಾಟೆ ಮಾಡಿತು, ಚೆಲ್ಲಿತು, ಅತ್ತಿತು ಎಂದು ನಾವು ಮಗುವನ್ನು ದೂರುತ್ತೇವೆ. ಅದು ತನ್ನ ಪಾಡಿಗೆ ಮಗುವಾಗಿರುತ್ತದೆ, ಅಷ್ಟೆ. ಜಗಳವಿರುವುದು ಎರಡು ಗಡಿಯಾರಗಳ ನಡುವೆ.

ನಮ್ಮ ಹಳೆಯ ಹೋಟೆಲುಗಳಿಗೆ ಈ ತಕರಾರೇ ಇರಲಿಲ್ಲ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದಲ್ಲಿ ಕಾಯುವುದೆಲ್ಲ ಬಾಗಿಲ ಹೊರಗೆ. ಒಳಗೆ ಜಾಗ ಸಿಕ್ಕ ಮೇಲೆ ದೋಸೆ ಬರುವುದು ತಡವಾಗುವುದಿಲ್ಲ. ಬರುವ ರೀತಿಯೋ, ಮಕ್ಕಳಿಗೆ ಪುಕ್ಕಟೆ ಸರ್ಕಸ್ಸು: ಒಂದೇ ತೋಳಿನ ಮೇಲೆ ಪ್ಲೇಟಿನ ಮೇಲೆ ಪ್ಲೇಟು ಪೇರಿಸಿಕೊಂಡು, ಒಂದೂ ಜಾರದಂತೆ ನಡೆದು ಬರುವ ಆ ಮನುಷ್ಯನನ್ನು ನೋಡುತ್ತ ಐದು ವರ್ಷದ ಹುಡುಗನೂ ಬಾಯಿ ಮುಚ್ಚಿ ಕೂರುತ್ತಾನೆ. 1924ರಲ್ಲಿ ಶುರುವಾದ ಎಂಟಿಆರ್‌ನ ಲಾಲ್‌ಬಾಗ್ ರಸ್ತೆಯ ಮನೆಯಲ್ಲಿ ಹೆಸರು ಬರೆಸಿ ಕಾಯಬೇಕು, ನಿಜ. ಆದರೆ ಎಲ್ಲರೂ ಕಾಯುತ್ತಿರುತ್ತಾರೆ, ಎಲ್ಲರ ಮಕ್ಕಳೂ ಓಡಾಡುತ್ತಿರುತ್ತಾರೆ. ಕೂತ ಮೇಲೆ ಬಡಿಸುವವರು ಪುರಸೊತ್ತು ಕೊಡುವುದಿಲ್ಲ. ಇನ್ನು 1983ರಲ್ಲಿ ಜಯನಗರದಲ್ಲಿ ಮೊದಲು ಕಾಣಿಸಿಕೊಂಡ ದರ್ಶಿನಿಗಳಲ್ಲಂತೂ ಕೂರುವ ಮಾತೇ ಇಲ್ಲ. ಟೋಕನ್ ಕೊಟ್ಟು ತಿರುಗುವುದರೊಳಗೆ ಇಡ್ಲಿ ಕೈಯಲ್ಲಿ. ಮಗುವನ್ನು ಗ್ರಾನೈಟ್ ಕಟ್ಟೆಯ ಮೇಲೆ ಕೂರಿಸಿ, ಬೀಳದಂತೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದರಲ್ಲಿ ಇಡ್ಲಿ ಮುರಿದು ಬಾಯಿಗಿಡುವ ಅಪ್ಪಂದಿರನ್ನು ದಿನಾ ಬೆಳಗ್ಗೆ ನೋಡಬಹುದು. ಕೈ ತೊಳೆಯುವ ಬೇಸಿನ್ ಕಣ್ಣೆದುರಿಗೇ ಇರುತ್ತದೆ.

ಬೇಸಿನ್ನಿನ ಮಾತು ಸಣ್ಣದೆನ್ನಿಸಬಹುದು, ಎಳೆಮಕ್ಕಳಿರುವವರಿಗಲ್ಲ. ಹೊಸ ರೆಸ್ಟೊರೆಂಟುಗಳು ನಲ್ಲಿಯನ್ನು ಅವಮಾನದ ವಸ್ತುವೆಂಬಂತೆ ಬಚ್ಚಿಟ್ಟಿರುತ್ತವೆ. ಬಾರ್ ದಾಟಿ, ಓಣಿ ತಿರುಗಿ, ಗಂಡೋ ಹೆಣ್ಣೋ ತಿಳಿಯದ ಚಿತ್ರ ಅಂಟಿಸಿದ ಬಾಗಿಲು ತಳ್ಳಿ ಒಳಗೆ ಹೋಗಬೇಕು. ಎರಡೂ ಅಂಗೈಗೆ ಬಟರ್ ಚಿಕನ್ ಮೆತ್ತಿಕೊಂಡ ಮಗುವನ್ನು ಮೈಗೆ ತಾಗದಂತೆ ಮುಂದೆ ಚಾಚಿ ಹಿಡಿದುಕೊಂಡು, ಬಿಳಿ ಶರ್ಟು ತೊಟ್ಟವರ ನಡುವೆ ಆ ದಾರಿ ಸವೆಸಿ ನೋಡಬೇಕು. ಡಯಾಪರ್ ಬದಲಿಸುವ ಹಲಗೆ ಇರುವುದು ಅಪರೂಪ. ಇದ್ದರೂ ಹೆಂಗಸರ ಕಡೆಗೇ. ಬದಲಿಸಲು ಸಿದ್ಧನಿರುವ ಗಂಡನಿಗೂ ಹೀಗೊಂದು ಸಲೀಸಾದ ನೆಪ ಸಿಗುತ್ತದೆ.

ಹಾಗೆಂದು ಹಳೆಯದನ್ನೆಲ್ಲ ಹೊಗಳುತ್ತ ಕೂರಬೇಕಿಲ್ಲ. ಉಡುಪಿ ಹೋಟೆಲುಗಳ ‘ಫ್ಯಾಮಿಲಿ ರೂಮ್’ ನೆನಪಿದೆಯಲ್ಲ? ಪರದೆ ಎಳೆದ, ಫ್ಯಾನು ಕಿರುಗುಟ್ಟುವ, ಸರ್ವರ್ ಕೊನೆಗೆ ಬಂದು ತಲೆ ಹಾಕುವ ಕೋಣೆ. ಮಕ್ಕಳ ಮೇಲಿನ ಮಮತೆಗೆ ಕಟ್ಟಿದ್ದಲ್ಲ ಅದು. ಹೆಂಗಸರು ಗಂಡಸರ ನಡುವೆ ಕೂತು ತಿನ್ನಬಾರದೆಂಬ ಮರ್ಯಾದೆಗೆ ಕಟ್ಟಿದ್ದು. ಮಕ್ಕಳು ಅಮ್ಮಂದಿರ ಸೆರಗಿನ ಜೊತೆ ಒಳಗೆ ಹೋದರು. ಇಂದಿನ ಕೆಲವು ದೊಡ್ಡ ಬ್ರೂವರಿಗಳಲ್ಲಿ ಮೂಲೆಯೊಂದಕ್ಕೆ ಬಲೆ ಕಟ್ಟಿ, ಪ್ಲಾಸ್ಟಿಕ್ ಚೆಂಡು ಸುರಿದು, ಬಣ್ಣದ ಜಾರುಬಂಡೆ ಇಟ್ಟಿರುತ್ತಾರೆ. ಅಲ್ಲಿಯೂ ಬಲೆಯ ಹೊರಗೆ ಚಪ್ಪಲಿ ಕಾಯುತ್ತ ನಿಂತವರನ್ನು ಎಣಿಸಿ ನೋಡಿ: ಹೆಚ್ಚಿನವರು ಹೆಂಗಸರೇ. ಗಂಡಸರು ಮೇಜಿನಲ್ಲಿ ಎರಡನೇ ಮಗ್ಗು ತರಿಸಿರುತ್ತಾರೆ.

ಮೇಜಿನ ಮುಂದೆ ನಿಜವಾಗಿ ಏನಾಗುತ್ತದೆ? ನಮ್ಮ ಚಿಕ್ಕವಳನ್ನೇ ತೆಗೆದುಕೊಳ್ಳಿ, ಎರಡೂವರೆ ವರ್ಷ. ಬೇಬಿ ಚೇರ್ ಬರುತ್ತದೆ. ಬೆಲ್ಟಿನ ಕೊಂಡಿ ಮುರಿದಿರುತ್ತದೆ, ಟ್ರೇಯ ಅಂಚಿನಲ್ಲಿ ಹಿಂದಿನ ಮಗುವಿನ ಅನ್ನದಗುಳು ಒಣಗಿರುತ್ತದೆ. ಒರೆಸಿ ಕೂರಿಸಿದ ಮೊದಲ ಐದು ನಿಮಿಷ ಚಮಚದ ಸಂಗೀತ. ಆಮೇಲೆ ಟಿಶ್ಯೂ: ಒಂದೊಂದೇ ಎಳೆದು, ಮಡಿಕೆ ಬಿಚ್ಚಿ, ಹರಿದು, ‘ಹಪ್ಪಳ’ ಎಂದು ಎಲ್ಲರಿಗೂ ಹಂಚುತ್ತಾಳೆ. ಅದು ಮುಗಿಯುವ ಹೊತ್ತಿಗೆ ಉಪ್ಪಿನ ಡಬ್ಬಿ ಕಣ್ಣಿಗೆ ಬೀಳುತ್ತದೆ. ಉಪ್ಪು ಕಿತ್ತುಕೊಂಡರೆ ನೀರು ಬೇಕು, ಅದೂ ಕಾಲು ಸಪೂರವಾಗಿರುವ ಗಾಜಿನ ಗ್ಲಾಸಿನಲ್ಲೇ. ಗ್ಲಾಸು ದೂರ ಸರಿಸಿದಿರೋ, ಬೆನ್ನು ಬಿಲ್ಲಿನಂತೆ ಬಾಗಿಸಿ ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಹೋಗುತ್ತಾಳೆ. ಅಲ್ಲಿ ಅಕ್ಕಪಕ್ಕದವರ ಶೂಗಳ ಪರಿಚಯವಾಗುತ್ತದೆ. ಇಷ್ಟೆಲ್ಲ ಆದರೂ ಸ್ಟಾರ್ಟರ್ ಬಂದಿರುವುದಿಲ್ಲ. ಕೇಳಿದರೆ ‘ಇನ್ನು ಫೈವ್ ಮಿನಿಟ್ಸ್ ಮ್ಯಾಮ್’ ಎಂಬ ನಗುಮೊಗದ ಉತ್ತರ. ಅತ್ತೆ ಮೆನುವನ್ನು ಮೊಬೈಲ್ ಟಾರ್ಚಿನಲ್ಲಿ ಓದುತ್ತ ಕೇಳುತ್ತಾರೆ: ‘ಇಷ್ಟೊಂದು ದುಡ್ಡು ಕೊಟ್ಟು ಕತ್ತಲಲ್ಲಿ ಯಾಕಮ್ಮ ಕೂರಬೇಕು?’

ಇದಕ್ಕೆ ಮದ್ದು ತೀರಾ ಸಾದಾ. ಕೂತ ಕೂಡಲೇ, ಮೆನು ತೆರೆಯುವ ಮೊದಲೇ ಮಗುವಿನದ್ದನ್ನು ಹೇಳಿಬಿಡಬೇಕು. ‘ಒಂದು ಮೊಸರನ್ನ, ಖಾರ ಇಲ್ಲದ್ದು, ಒಗ್ಗರಣೆ ಬೇಡ, ಈಗಲೇ ತಂದುಬಿಡಿ, ನಮ್ಮದು ಆಮೇಲೆ.’ ಅನ್ನ ಮೊಸರು ಇಲ್ಲದ ಅಡುಗೆಮನೆ ಬೆಂಗಳೂರಿನಲ್ಲಿ ಇಲ್ಲವೆಂದೇ ಹೇಳಬೇಕು. ಮೆನುವಿನಲ್ಲಿ ಇಲ್ಲದಿದ್ದರೆ ಹುಡುಗರ ಊಟಕ್ಕೆ ಮಾಡಿಟ್ಟಿದ್ದಾದರೂ ಇರುತ್ತದೆ. ಮಗುವಿನ ಹೊಟ್ಟೆ ತುಂಬಿದ ಮೇಲೆ ಸಿಗುವ ಇಪ್ಪತ್ತು ನಿಮಿಷ ನಿಮ್ಮದು. ಬಿಲ್ಲನ್ನೂ ಊಟದ ನಡುವೆಯೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು. ಕೊನೆಯ ಹತ್ತು ನಿಮಿಷ ಕಾರ್ಡ್ ಮೆಷಿನ್ನಿಗೆ ಸಿಗ್ನಲ್ ಸಿಗದೆ ಹೋಗುವ ಹತ್ತು ನಿಮಿಷ, ಮಗು ರಚ್ಚೆ ಹಿಡಿಯುವುದು ಆವಾಗಲೇ.

ಚುರುಕು ಮ್ಯಾನೇಜರುಗಳಿಗೆ ಇದರಲ್ಲಿ ಲಾಭವಿರುವುದೂ ಗೊತ್ತು. ಹನ್ನೆರಡರಿಂದ ಒಂದೂಕಾಲರವರೆಗೆ ಖಾಲಿ ಹೊಡೆಯುವ ಮೇಜುಗಳಲ್ಲಿ ನಾಲ್ಕಾರು ಜನರ ಸಂಸಾರ ಬಂದು ತಿಂದು, ನೂಕುನುಗ್ಗಲು ಶುರುವಾಗುವ ಮೊದಲೇ ಎದ್ದು ಹೋಗುತ್ತದೆ. ಅದೇ ಮೇಜಿಗೆ ಎರಡನೇ ಗಿರಾಕಿ ಸಿಗುತ್ತಾನೆ. ಇಷ್ಟು ಅರ್ಥವಾದ ಕಡೆ ಬೇಬಿ ಚೇರಿನ ಬೆಲ್ಟು ಸರಿಯಿರುತ್ತದೆ.

ಮಕ್ಕಳ ಮೆನುವಿನ ವಿಚಾರಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮನೆಯಲ್ಲಿ ಸಾರನ್ನ, ಪಲ್ಯ, ಮೀನುಸಾರು ತಿನ್ನುವ ಮಗುವಿಗೆ ಆ ಬಣ್ಣದ ಕಾಗದದಲ್ಲಿ ಸಿಗುವುದು ಫ್ರೆಂಚ್ ಫ್ರೈಸ್, ನಗೆಟ್ಸ್, ಮ್ಯಾಕ್ ಆಂಡ್ ಚೀಸ್, ಪುಟಾಣಿ ಪಿಜ್ಜಾ. ದೊಡ್ಡವರಿಗೆ ಹದಿನೆಂಟು ಬಗೆ ಬೇಯಿಸುವ ಬಾಣಸಿಗ ಮಕ್ಕಳ ಪಾಲಿಗೆ ಫ್ರೀಜರಿನ ಪ್ಯಾಕೆಟ್ ಕತ್ತರಿಸುತ್ತಾನೆ. ಈ ಮಕ್ಕಳ ಮೆನು ಹುಟ್ಟಿದ ಕತೆ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತಲ್ಲ, ಆಗ ಮದ್ಯದ ಆದಾಯ ಕಳೆದುಕೊಂಡ ದೊಡ್ಡ ಹೋಟೆಲುಗಳು ಅದುವರೆಗೆ ಊಟದ ಹಾಲಿಗೆ ಅಷ್ಟಾಗಿ ಬಿಟ್ಟುಕೊಳ್ಳದ ಮಕ್ಕಳ ಕಡೆ ತಿರುಗಿದವು. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ 1921ರಲ್ಲೇ ಮಕ್ಕಳಿಗೆಂದು ಬೇರೆ ಮೆನು ಅಚ್ಚು ಹಾಕಿಸಿತು. ಆಗಿನ ವೈದ್ಯರ ಸಲಹೆಯಂತೆ ಅದರಲ್ಲಿದ್ದದ್ದು ರುಚಿಯಿಲ್ಲದ, ಮೆದುವಾದ ಪಥ್ಯದ ಊಟ. ಮದ್ಯ ಹೋದದ್ದರಿಂದ ಅಲ್ಲಿ ಮಕ್ಕಳು ಬಂದರು. ನಮ್ಮೂರಿನ ಬ್ರೂವರಿಗಳು ಮದ್ಯವನ್ನೂ ಇಟ್ಟುಕೊಂಡು ಮಕ್ಕಳನ್ನೂ ಕರೆಯುತ್ತಿವೆ.

ಮಕ್ಕಳ ಮೆನುವನ್ನು ಪಕ್ಕಕ್ಕಿಟ್ಟು ದೊಡ್ಡವರ ಮೆನುವಿನಲ್ಲೇ ಹುಡುಕಿದರೆ ಒಳ್ಳೆಯ ಊಟ ಸಿಗುತ್ತದೆ. ಕರಾವಳಿ ಅಡುಗೆಯ ಕಡೆ ಹೋದರೆ ಗೆದ್ದಂತೆ: ನೀರುದೋಸೆಗೆ ಬೆಲ್ಲದ ಕಾಯಿಹಾಲು, ಆಪ್ಪಂ ಜೊತೆ ಸ್ಟ್ಯೂ. ರೆಸಿಡೆನ್ಸಿ ರಸ್ತೆಯಲ್ಲಿ 1990ರಿಂದ ನಡೆಯುತ್ತಿರುವ ಕರಾವಳಿಯಂಥ ಘನವಾದ ಜಾಗದಲ್ಲೂ ಹಲ್ಲು ಪೂರ್ತಿ ಬರದ ಮಗು ಕೈಯಾರೆ ಹರಿದು ತಿನ್ನಬಹುದಾದ ಪದಾರ್ಥ ಇದು. ಉತ್ತರ ಭಾರತದ ಕಡೆ ಹಳದಿ ದಾಲ್ ಮತ್ತು ಫುಲ್ಕಾ. ಚೈನೀಸ್ ಆದರೆ ಹಬೆಯಲ್ಲಿ ಬೇಯಿಸಿದ ಡಿಮ್ ಸಮ್, ಸೋಯಾ ಸಾಸ್ ಹಾಕದ ಮೊಟ್ಟೆ ಅನ್ನ. ಇಟಾಲಿಯನ್ ಆದರೆ ಬೆಣ್ಣೆ ಹಾಕಿದ ಬರೀ ಪಾಸ್ತಾ. ಮಗು ಒಪ್ಪಿದರೆ ಮೇಲೆ ಚೂರು ಚೀಸ್. ಲೆಬನೀಸ್ ಆದರೆ ಹಮ್ಮಸ್ ಮತ್ತು ಪಿಟಾ, ಕಡಲೆಬೇಳೆ ಚಟ್ನಿಯ ದೂರದ ನೆಂಟ ಎಂದುಕೊಂಡು ಮಕ್ಕಳು ನೆಕ್ಕುತ್ತವೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೂಡದು. ಸಲಾಡಿನ ಡ್ರೆಸಿಂಗ್‌ನಲ್ಲಿ, ಡೆಸರ್ಟಿನ ಮೇಲೆ ಅದು ಹೇಳದೆ ಕೇಳದೆ ಬಂದಿರುತ್ತದೆ. ಇಡೀ ದ್ರಾಕ್ಷಿ, ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಟಿರಮಿಸು ನೋಡಲು ಕೇಕಿನಂತಿದ್ದರೂ ಅದರಲ್ಲಿ ಕಡುಕಾಫಿ ಇರುತ್ತದೆ, ಎಷ್ಟೋ ಕಡೆ ಮದ್ಯವೂ ಇರುತ್ತದೆ. ಕೇಳಿ ತಿಳಿದುಕೊಂಡು ಕೊಡಬೇಕು.

ಹೊಗೆಯಾಡುವ ತಟ್ಟೆಗಳ ಬಗ್ಗೆ ಇನ್ನಷ್ಟು ಬಿಗಿಯಾಗಿರುವುದು ಒಳ್ಳೆಯದು. 2024ರಲ್ಲಿ ದಾವಣಗೆರೆಯಲ್ಲಿ ‘ಸ್ಮೋಕ್ ಬಿಸ್ಕೆಟ್’ ತಿಂದ ಹುಡುಗನೊಬ್ಬ ನೋವಿನಿಂದ ಒದ್ದಾಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅದಾದ ಮೇಲೆ ತಿನಿಸಿನ ಜೊತೆ ದ್ರವ ಸಾರಜನಕ ಹಾಕಿಕೊಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಪೂರ್ತಿ ಆವಿಯಾಗಿ ಹೋಗುವ ಮೊದಲು ನುಂಗಿದರೆ ಬಾಯಿ, ಹೊಟ್ಟೆ ಎರಡೂ ಸುಟ್ಟಂತೆಯೇ. ಅದೇ ವರ್ಷ ಮಾರ್ಚ್‌ನಲ್ಲಿ ಗುರುಗ್ರಾಮದ ಕೆಫೆಯೊಂದರಲ್ಲಿ ಊಟದ ಕೊನೆಗೆ ಮೌತ್ ಫ್ರೆಶ್‌ನರ್ ಎಂದು ಕೊಟ್ಟ ಡ್ರೈ ಐಸ್ ತಿಂದವರು ರಕ್ತ ಕಾರಿದರು. ಅವರೆಲ್ಲ ದೊಡ್ಡವರು, ತಿಳಿದವರು. ಮೇಜಿನ ಮೇಲೆ ಹೊಗೆ ಕಂಡರೆ ಮಗು ಮೊದಲು ಮಾಡುವುದೇ ಕೈ ಹಾಕುವುದು, ಆಮೇಲೆ ಬಾಯಿಗಿಡುವುದು. ಡ್ರೈ ಐಸ್ ಇಟ್ಟ ಬಟ್ಟಲು ಬಂದರೆ ‘ದಯವಿಟ್ಟು ಇದನ್ನು ತೆಗೆದುಕೊಂಡು ಹೋಗಿ’ ಎನ್ನಲು ಸಂಕೋಚ ಬೇಡ. ಬಣ್ಣದ್ದೂ ಅಷ್ಟೇ. 2024ರ ಮಾರ್ಚ್ 11ರಂದು ನಮ್ಮ ಆರೋಗ್ಯ ಸಚಿವರು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದೆಂದು ಘೋಷಿಸಿದರು. ಜೂನ್‌ನಲ್ಲಿ ಕಬಾಬ್‌ಗೂ ಆ ಮಾತು ಅನ್ವಯಿಸಿತು. ತಳ್ಳುಗಾಡಿಯವರನ್ನು ಇದಕ್ಕೆ ಕೇಳಿದಷ್ಟು ಧೈರ್ಯವಾಗಿ ನಾವು ದೊಡ್ಡ ರೆಸ್ಟೊರೆಂಟಿನವರನ್ನು ಕೇಳುವುದಿಲ್ಲ.

ರೂಫ್‌ಟಾಪ್‌ಗಳ ಬಗ್ಗೆ ಎರಡೇ ಮಾತು. 2023ರ ಅಕ್ಟೋಬರ್‌ನಲ್ಲಿ ಕೋರಮಂಗಲದ ಕಟ್ಟಡವೊಂದರ ಮೇಲಂತಸ್ತಿನ ಕೆಫೆ ಹೊತ್ತಿ ಉರಿದಾಗ ಒಬ್ಬ ಮೇಲಿನಿಂದ ಜಿಗಿದದ್ದನ್ನು ಊರೆಲ್ಲ ನೋಡಿತು. ಮಗುವನ್ನು ಕರೆದುಕೊಂಡು ಹೋದಾಗ ನೋಟ ಚೆನ್ನಾಗಿದೆಯೇ ಎನ್ನುವುದಕ್ಕಿಂತ ಎರಡನೇ ಮೆಟ್ಟಿಲು ಎಲ್ಲಿದೆ, ಕಂಬಿಗಳ ನಡುವಿನ ಸಂದು ಎಷ್ಟು ಎಂದು ಮೊದಲು ನೋಡಿ.

ಮೊಬೈಲ್ ಕೊಡಬೇಕೋ ಬೇಡವೋ ಎಂಬುದು ಇನ್ನೊಂದು ಮುಗಿಯದ ರಗಳೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳಿದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮನೆಯಲ್ಲಿ ಇದನ್ನು ಪಾಲಿಸುವವರೂ ರೆಸ್ಟೊರೆಂಟಿನಲ್ಲಿ ಸೋಲುತ್ತಾರೆ. ಪಕ್ಕದ ಮೇಜಿನವರ ಮಗು ನೀರಿನ ಬಾಟಲಿಗೆ ಆನಿಸಿಟ್ಟ ಮೊಬೈಲ್ ನೋಡುತ್ತ ಬಾಯಿ ತೆರೆದರೆ ಮುಖ ಸಿಂಡರಿಸುವವರು ಅದೇ ಮಗು ಅತ್ತರೂ ಸಿಂಡರಿಸುತ್ತಾರೆ. ನನ್ನ ತಕರಾರು ಸದ್ದಿನ ಬಗ್ಗೆ ಮಾತ್ರ. ಚಿತ್ರ ನಿಮ್ಮ ಮಗುವಿಗೆ, ಹಾಡು ಮಾತ್ರ ಇಡೀ ಹಾಲಿಗೆ ಎಂಬುದು ಯಾವ ನ್ಯಾಯ? ಬಣ್ಣದ ಪೆನ್ಸಿಲ್ ಮತ್ತು ಖಾಲಿ ಹಾಳೆ ಚೀಲದಲ್ಲಿದ್ದರೆ ಕಾಲು ಗಂಟೆ ತಳ್ಳಬಹುದು. ಅಂಟಿಸಿ ಕಿತ್ತು ಮತ್ತೆ ಅಂಟಿಸುವ ಸ್ಟಿಕರ್ ಇದ್ದರೆ ಅರ್ಧ ಗಂಟೆ.

ಮಕ್ಕಳಿಗೆ ಪ್ರವೇಶವಿಲ್ಲ ಎನ್ನುವ ರೆಸ್ಟೊರೆಂಟುಗಳ ಮೇಲೆ ಹಲವರಿಗೆ ಕೋಪ. ದಕ್ಷಿಣ ಕೊರಿಯದಲ್ಲಿ ಇಂಥವು ‘ನೋ ಕಿಡ್ಸ್ ಜೋನ್’ ಎಂದು ಬೋರ್ಡು ಹಾಕಿಕೊಳ್ಳುವಷ್ಟು ಬೆಳೆದು, ಜೇಜು ದ್ವೀಪದ ಇಟಾಲಿಯನ್ ರೆಸ್ಟೊರೆಂಟೊಂದರ ವಿಷಯ ಅಲ್ಲಿನ ಮಾನವ ಹಕ್ಕುಗಳ ಆಯೋಗದವರೆಗೂ ಹೋಯಿತು. ಅದು ತಾರತಮ್ಯವೇ ಸರಿ ಎಂದು ಆಯೋಗ 2017ರಲ್ಲಿ ಹೇಳಿತು. ಬೆಂಗಳೂರಿನಲ್ಲಿ ಬೋರ್ಡು ಇರುವುದಿಲ್ಲ, ಬಾಗಿಲಲ್ಲಿ ನಿಂತವನ ಮುಜುಗರದ ನಗು ಇರುತ್ತದೆ: ‘ಸಾರಿ ಸರ್, ಏಳು ಗಂಟೆ ಮೇಲೆ ಕಿಡ್ಸ್ ಅಲೋ ಇಲ್ಲ.’ ನನ್ನ ಮಟ್ಟಿಗೆ ಹೇಳುವುದಾದರೆ, ರಾತ್ರಿ ಒಂಬತ್ತಕ್ಕೆ ಸಂಗೀತ ಕಿವಿ ಹರಿಯುವ ಪಬ್ಬಿನಲ್ಲಿ ಮೂರು ವರ್ಷದ ಮಗುವಿಗೇನು ಕೆಲಸ? ಗಂಡ ಹೆಂಡತಿ ಇಬ್ಬರೇ ಎಂದೋ ಒಮ್ಮೆ ಹೊರಗೆ ಬಂದಾಗ ಪಕ್ಕದಲ್ಲಿ ಬೇರೆಯವರ ಮಗು ಅಳದಿರಲಿ ಎಂದು ಆಸೆಪಡುವವರಲ್ಲಿ ನಾವೂ ಇದ್ದೇವೆ. ಆಕ್ಷೇಪವಿರುವುದು ಬಾಗಿಲಿಗೆ ಬಂದ ಮೇಲೆ ಹೇಳುವುದಕ್ಕೆ. ಫೋನಿನಲ್ಲಿ ಟೇಬಲ್ ಕಾಯ್ದಿರಿಸುವಾಗ ವೆಜ್ಜೋ ನಾನ್‌ವೆಜ್ಜೋ, ಯಾರ ಬರ್ತ್‌ಡೇ, ಕೇಕ್ ಬೇಕೋ ಎಂದೆಲ್ಲ ವಿಚಾರಿಸುವವರು ಮಗುವಿನ ಸುದ್ದಿ ಎತ್ತುವುದಿಲ್ಲ. ಸಿಲ್ಕ್ ಬೋರ್ಡ್ ದಾಟಿ ಬಂದವರನ್ನು ವಾಪಸ್ ಕಳಿಸುವುದು ಅನ್ಯಾಯ.

ಪಂಚತಾರಾ ಹೋಟೆಲುಗಳ ಭಾನುವಾರದ ಬ್ರಂಚ್ ಮಕ್ಕಳನ್ನು ಕೈಬೀಸಿ ಕರೆಯುತ್ತದೆ. ಚಾಕೊಲೇಟ್ ಕಾರಂಜಿ, ಮುಖಕ್ಕೆ ಬಣ್ಣ, ಬಲೂನ್ ತಿರುಚುವವನು ಎಲ್ಲ ಇರುತ್ತದೆ. ಐದು ವರ್ಷದವರೆಗೆ ಉಚಿತ, ಹನ್ನೆರಡರವರೆಗೆ ಅರ್ಧ ಎಂಬ ಲೆಕ್ಕ ಸಾಮಾನ್ಯ. ಕೆಎಸ್‌ಆರ್‌ಟಿಸಿ ಕಂಡಕ್ಟರ್ ಎದುರು ಮಗನ ವಯಸ್ಸು ಇಳಿಸುವ ನಮ್ಮ ಹಳೆಯ ಚಾಳಿ ಆ ಅಮೃತಶಿಲೆಯ ಹಾಲಿನಲ್ಲೂ ಬಿಡುವುದಿಲ್ಲ. ಮಗನೇ ಎದ್ದು ನಿಂತು ‘ಇಲ್ಲಮ್ಮ, ನಂಗೆ ಆರು’ ಎಂದು ಗಟ್ಟಿಯಾಗಿ ತಿದ್ದುವ ಭಯ ಒಂದಿರುತ್ತದೆ, ಅಷ್ಟೇ.

ಇಂಥ ಊಟಗಳಲ್ಲಿ ನಾವು ಹೆಚ್ಚು ಋಣಿಯಾಗಿರಬೇಕಾದದ್ದು ಬಡಿಸುವ ಹುಡುಗರಿಗೆ. ಅಸ್ಸಾಂ, ಒಡಿಶಾ, ಮಣಿಪುರ, ನೇಪಾಳದ ಕಡೆಯ ಹುಡುಗರು. ತಟ್ಟೆ ಎತ್ತಲು ಬಂದವನು ಅಳುವ ಮಗುವನ್ನೇ ಎತ್ತಿಕೊಂಡು ಮೀನಿನ ತೊಟ್ಟಿ ತೋರಿಸಿ ಬರುತ್ತಾನೆ. ನಾವು ಎರಡು ತುತ್ತು ಬಿಸಿಯಾಗಿ ತಿನ್ನುತ್ತೇವೆ. ಇದು ಯಾವ ಟ್ರೈನಿಂಗಿನಲ್ಲೂ ಬರುವುದಲ್ಲ, ಮ್ಯಾನೇಜರ್ ಕಣ್ಣಿಗೆ ಬಿದ್ದರೆ ಬೈಸಿಕೊಳ್ಳುವುದೂ ಉಂಟು. ಅವರಿಗೆ ಟಿಪ್ಸ್ ಕೊಡುವಾಗ ಮೇಜಿನ ಕೆಳಗೆ ಬಗ್ಗಿ ಗುಡಿಸುವವನಿಗೂ ಬೇರೆಯಾಗಿ ಕೊಡಿ. ಬಿಲ್ಲಿನ ಫೋಲ್ಡರಿನಲ್ಲಿ ಇಟ್ಟದ್ದು ಅವನ ಪಾಲಿಗೆ ಬರುತ್ತದೆಂದು ನಂಬಬೇಡಿ.

ಇನ್ನು ಆಯಾ. ದುಬಾರಿ ರೆಸ್ಟೊರೆಂಟುಗಳಲ್ಲಿ ಈಗ ಈ ನೋಟ ಮಾಮೂಲಾಗಿದೆ, ಮಾಮೂಲಾದ್ದರಿಂದಲೇ ಯಾರೂ ನೋಡುವುದಿಲ್ಲ. ನಾಲ್ಕು ಜನ ಮೇಜಿನಲ್ಲಿ, ಐದನೆಯವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಗೋಡೆಯ ಪಕ್ಕ. ವಯಸ್ಸು ಹದಿನೆಂಟೋ ಹತ್ತೊಂಬತ್ತೋ. ಊಟದ ವಾಸನೆ ಎಲ್ಲರಿಗೆ ಬರುವಷ್ಟೇ ಅವಳಿಗೂ ಬರುತ್ತಿರುತ್ತದೆ. ಮಗು ಕೈ ಚಾಚಿದಾಗ ಯಾರೋ ಒಂದು ಫ್ರೈ ಎತ್ತಿ ಕೊಡುತ್ತಾರೆ, ಅವಳು ಅದನ್ನು ಮುರಿದು ಊದಿ ಮಗುವಿಗೆ ತಿನ್ನಿಸುತ್ತಾಳೆ. ಕೆಲವರು ಅವಳನ್ನು ಬೇರೆ ಮೇಜಿನಲ್ಲಿ ಕೂರಿಸುತ್ತಾರೆ, ಒಂದು ಫ್ರೈಡ್ ರೈಸ್ ತರಿಸುತ್ತಾರೆ. ತಾವು ಮಾಡಿದ ದೊಡ್ಡತನವೆಂಬಂತೆ ಸರ್ವರನಿಗೆ ಕೈ ತೋರಿಸಿ ಹೇಳುತ್ತಾರೆ. ಬಹಳ ಜನ ಅದೂ ಇಲ್ಲ, ‘ಅವಳು ಮನೇಲೇ ತಿಂದು ಬಂದಿದ್ದಾಳೆ’ ಎಂದುಬಿಡುತ್ತಾರೆ. ಮಗುವಿನ ಜೊತೆ ಹೊರಗೆ ಊಟ ಮಾಡುವುದು ಎಷ್ಟು ಕಷ್ಟ ಎಂದು ನಾವು ಪುಟಗಟ್ಟಲೆ ಬರೆಯುವಾಗ ಅದರಲ್ಲಿ ಅರ್ಧ ಕಷ್ಟವನ್ನು ಅವಳ ಸೊಂಟದ ಮೇಲೆ ಕೂರಿಸಿರುತ್ತೇವೆ.

ರೆಸ್ಟೊರೆಂಟಿನವರು ಇದರಲ್ಲಿ ಮಾಡಬಹುದಾದದ್ದು ಕಡಿಮೆ. ಕುರ್ಚಿ ತಂದಿಟ್ಟು ‘ಕೂತ್ಕೊಳ್ಳಿ’ ಎಂದ ಸರ್ವರನಿಗೆ ‘ಬೇಡ, ಅವಳು ನಿಂತಿರ್ತಾಳೆ’ ಎಂದು ಮೇಜಿನವರೇ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಹುಡುಗ ಕುರ್ಚಿ ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತ. ಕುಟುಂಬಕ್ಕೆ ಬಿಟ್ಟ ಸಂಗತಿ ಇದು, ದೊಡ್ಡ ಖರ್ಚಿನದ್ದೂ ಅಲ್ಲ. ಮೇಜಿನ ಮೇಲೆ ಅರ್ಧ ಉಳಿದು ವಾಪಸ್ ಹೋಗುವ ನಾಚೋಸ್‌ನ ಬೆಲೆಗೆ ಅವಳ ಊಟ ಮುಗಿಯುತ್ತದೆ. ಅವಳು ತಿನ್ನುವಷ್ಟು ಹೊತ್ತು ಮಗುವನ್ನು ಅಪ್ಪ ಎತ್ತಿಕೊಂಡು ಮೀನಿನ ತೊಟ್ಟಿಯ ಹತ್ತಿರ ಹೋಗಬಹುದು. ಮುಂದಿನ ಸಲ ಫೋನಿನಲ್ಲಿ ಟೇಬಲ್ ಹೇಳುವಾಗ ‘ನಾಲ್ಕು ಜನ, ಒಂದು ಬೇಬಿ ಚೇರ್’ ಎನ್ನುವ ಬದಲು ‘ಐದು ಜನ, ಒಂದು ಬೇಬಿ ಚೇರ್’ ಅಂದರಾಯಿತು.